ಹಲ್ಲಿನ ದವಾಖಾನೆಯ ಗಾಳಿ

ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗ ತುಟಿಯ ಅಂಚಿಗೆ ಒಂದು ಸಣ್ಣ ಕೊಳವೆ ಸಿಕ್ಕಿಸುತ್ತಾರೆ. ಅದು ಸೊರ್ ಎಂದು ಸದ್ದು ಮಾಡುತ್ತ ಎಂಜಲನ್ನು ಹೀರಿಕೊಳ್ಳುತ್ತದೆ. ಆ ಕೊಳವೆಗೆ ರೋಗ ಗುರುತಿಸುವ ಶಕ್ತಿ ಬಂದರೆ ಹೇಗೆ? ಧಾರವಾಡದ ಡಾ. ರೆಹಾನಾ ಸವಣೂರ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಆರು ವರ್ಷ ಕಳೆದಿದ್ದಳು.

ಅವಳ ಯೋಚನೆ ಸರಳವಾಗಿತ್ತು. ಹೊಸ ಫ್ಲೂ ಹುಟ್ಟಿದರೆ ಅದು ಆಸ್ಪತ್ರೆಯವರ ಕಣ್ಣಿಗೆ ಬೀಳುವುದು ತಡವಾಗಿ. ಜ್ವರ ಬಂದವರು ಎರಡು ದಿನ ಮನೆಯಲ್ಲೇ ಕಷಾಯ ಕುಡಿಯುತ್ತಾರೆ, ಮೂರನೆಯ ದಿನ ಮೆಡಿಕಲ್ ಅಂಗಡಿಯ ಗುಳಿಗೆ ನುಂಗುತ್ತಾರೆ, ನಾಲ್ಕನೆಯ ದಿನ ದೊಡ್ಡಾಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ರೋಗ ಊರು ದಾಟಿರುತ್ತದೆ. ಹಲ್ಲುನೋವಿನವರು ಹಾಗಲ್ಲ. ಮೈಯೆಲ್ಲ ಗಟ್ಟಿಯಿದ್ದರೂ ಬರುತ್ತಾರೆ, ದಿನಾ ಸಾವಿರಾರು ಮಂದಿ ಬರುತ್ತಾರೆ, ಬಂದು ಬಾಯಿ ತೆರೆಯುತ್ತಾರೆ. ಫ್ಲೂ ಇದ್ದವರಲ್ಲಿ ಕೆಲವರಿಗೆ ಜ್ವರವೇ ಬರುವುದಿಲ್ಲ; ಬರುವವರೂ ಅದಕ್ಕೆ ಒಂದು ದಿನ ಮುಂಚೆಯೇ ವೈರಸ್ಸನ್ನು ಹೊರಗೆ ಬಿಡುತ್ತಿರುತ್ತಾರೆ. ಆ ಒಂದು ದಿನವೇ ರೆಹಾನಾಳಿಗೆ ಬೇಕಾಗಿತ್ತು.

ಅವಳು ಮಾಡಿದ ಯಂತ್ರ ಬೆಂಕಿಪೊಟ್ಟಣದಷ್ಟಿತ್ತು. ಒಳಗೆ ಚಿನ್ನದ ತೆಳ್ಳನೆಯ ಹಾಳೆ. ಅದರ ಮೇಲೆ ಫ್ಲೂ ವೈರಸ್ಸಿನ ಹೊರಮೈಯ ಮುಳ್ಳುಗಳನ್ನಷ್ಟೇ ಹಿಡಿಯುವ ಸೂಕ್ಷ್ಮ ಎಳೆಗಳು. ಒಂದೊಂದು ವೈರಸ್ ಸಿಕ್ಕಾಗಲೂ ಹಾಳೆಯಲ್ಲಿ ಹರಿಯುವ ವಿದ್ಯುತ್ತು ಚೂರು ಬದಲಾಗುತ್ತಿತ್ತು. ಹೀರುವ ಕೊಳವೆಯ ನಡುವೆ ಅದನ್ನು ಜೋಡಿಸಿದರೆ ಸಾಕು, ಎಣಿಕೆ ತಾನಾಗಿ ಧಾರವಾಡದ ಕೇಂದ್ರಕ್ಕೆ ಹೋಗುತ್ತಿತ್ತು. ಕಾಗದದಲ್ಲಿ ಅದರ ಹೆಸರು ಲಾಲಾರಸ ಸಂವೇದಕ. ಎಲ್ಲರ ಬಾಯಲ್ಲಿ ಅದು ಜೊಲ್ಲು ಡಬ್ಬಿ.

ಎರಡು ಸಾವಿರದ ಮೂವತ್ತೊಂದರಲ್ಲಿ ಮುನ್ನೂರ ಹನ್ನೆರಡು ದಂತವೈದ್ಯರು ಡಬ್ಬಿ ಹಾಕಿಸಿಕೊಳ್ಳಲು ಒಪ್ಪಿದರು. ಅವರಿಗೆಲ್ಲ ಫ್ಲೂ ಬಗ್ಗೆ ಹತ್ತು ಪ್ರಶ್ನೆಗಳ ಒಂದು ಹಾಳೆಯೂ ಹೋಗಿತ್ತು. ಉತ್ತರಗಳನ್ನು ಓದಿ ರೆಹಾನಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಜ್ವರ ಇಲ್ಲದವರಿಂದ ಫ್ಲೂ ಹರಡುವುದಿಲ್ಲ ಎಂದು ಅರ್ಧಕ್ಕಿಂತ ಹೆಚ್ಚು ಜನ ಬರೆದಿದ್ದರು. ಲಸಿಕೆ ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು ಎಂದು ಕೆಲವರು, ಆಂಟಿಬಯೋಟಿಕ್ ಕೊಟ್ಟರೆ ವೈರಸ್ ಸಾಯುತ್ತದೆ ಎಂದು ಇನ್ನು ಕೆಲವರು. ಗದಗಿನ ಒಬ್ಬರು ಹಾಳೆಯ ಅಂಚಿನಲ್ಲಿ ಸ್ವಂತ ಕೈಯಿಂದ ಸೇರಿಸಿದ್ದರು: 'ಜ್ವರ ಇಲ್ಲದೆ ಹರಡುವುದು, ಗಾಳಿಯಲ್ಲಿ ತೇಲುವುದು, ಅವೆಲ್ಲಾ ಕೊರೊನಾ ಕಾಲದ ಮಾತು. ಫ್ಲೂ ಅಂದರೆ ದೊಡ್ಡ ನೆಗಡಿ. ನೀಲಿ ಮಾಸ್ಕೇ ಧಾರಾಳ ಆಯಿತು.'

ಹೀಗೆ ಬರೆದವರು ಡಾ. ಚನ್ನವೀರ ಬೂದಿಹಾಳ. ವಯಸ್ಸು ಐವತ್ತನಾಲ್ಕು. ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತಾರು ವರ್ಷದಿಂದ ದವಾಖಾನೆ ನಡೆಸುತ್ತಿದ್ದರು. ಕೈ ಹಗುರ, ಮಾತು ಜೋರು. ಅವರು ಹಲ್ಲು ಕಿತ್ತರೆ ನೋವೇ ಆಗುವುದಿಲ್ಲ ಎಂದು ಮುಳಗುಂದ, ಲಕ್ಷ್ಮೇಶ್ವರದ ಕಡೆಯಿಂದಲೂ ಜನ ಬರುತ್ತಿದ್ದರು. ಡಬ್ಬಿ ಹಾಕಿಸಿಕೊಂಡದ್ದೂ ರೆಹಾನಾ ಖುದ್ದಾಗಿ ಬಂದು ಕೇಳಿದಳೆಂಬ ಸೌಜನ್ಯಕ್ಕೆ, ನಂಬಿಕೆಯಿಂದಲ್ಲ.

ಡಿಸೆಂಬರ್ ತಿಂಗಳ ಒಂದು ಬುಧವಾರ. ಸ್ಟೇಷನ್ ರಸ್ತೆಯನ್ನು ಪೈಪ್ ಹಾಕಲು ಅಗೆದಿದ್ದರು. ಕೆಂಪು ಧೂಳು ಒಳಗೆ ಬರಬಾರದೆಂದು ದವಾಖಾನೆಯ ಮಲ್ಲವ್ವ ಬೆಳಿಗ್ಗೆಯೇ ಕಿಟಕಿಗಳನ್ನೆಲ್ಲ ಮುಚ್ಚಿ, ಒಳಕೋಣೆಯ ಬಾಗಿಲನ್ನೂ ಎಳೆದುಕೊಂಡಿದ್ದಳು. ಹದಿನೆಂಟು ವರ್ಷದಿಂದ ಡಾಕ್ಟರರ ಪಕ್ಕದಲ್ಲಿ ನಿಂತು ಸಲಕರಣೆ ಕೊಡುವವಳು ಅವಳು.

ಹತ್ತೂಕಾಲಿಗೆ ಮೊದಲನೆಯವನು ಬಂದ. ದೇವಪ್ಪ ಬಾರಕೇರ, ಮಾಗಡಿ ಕೆರೆಯ ಕಾವಲುಗಾರ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಆ ಕೆರೆಗೆ ಸಾವಿರಗಟ್ಟಲೆ ಬಂದಿಳಿಯುತ್ತವೆ. ಅವುಗಳನ್ನು ಯಾರೂ ಹಿಡಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಎಡಗಡೆಯ ದವಡೆಹಲ್ಲು ಒಳಗೇ ಕೊಳೆತಿತ್ತು. ಡಾಕ್ಟರರು ಮುಕ್ಕಾಲು ತಾಸು ಡ್ರಿಲ್ ಹಿಡಿದು ಹಲ್ಲು ಕೊರೆದರು. ನೀರಿನ ಮಂಜು ದೀಪದ ಬೆಳಕಿನಲ್ಲಿ ಹೊಗೆಯ ಹಾಗೆ ಎದ್ದಿತು. ಉಳಿದ ಅರ್ಧಕ್ಕೆ ವಾರ ಬಿಟ್ಟು ಬರಲು ಹೇಳಿ ಕಳಿಸಿದರು. ಅವನ ನಂತರ ಸರಕಾರಿ ಶಾಲೆಯ ಹೆಡ್‌ಮಾಸ್ತರ ಗುರುಬಸಪ್ಪ ಅಂಗಡಿ, ಆಮೇಲೆ ಬೆಟಗೇರಿಯ ನೇಕಾರ ಹುಸೇನಸಾಬ, ಕೊನೆಗೆ ಬ್ಯಾಂಕಿನ ಒಬ್ಬ ಹುಡುಗಿ. ಮಾಸ್ತರ ಬಾಯಿ ಮುಕ್ಕಳಿಸುತ್ತ, ಊರಲ್ಲೆಲ್ಲ ಕೆಮ್ಮು ಎದ್ದಿದೆ, ಶಾಲೆಯ ಹುಡುಗರಿಗೆ ಏನು ಹೇಳಲಿ ಎಂದು ಕೇಳಿದರು. "ಜ್ವರ ಇದ್ದಾವ ಮನ್ಯಾಗ ಇರಲಿ, ಜ್ವರ ಇಲ್ಲದಾವ ಆಡಲಿ. ಅಷ್ಟ ರೀ ಫ್ಲೂ ಅಂದ್ರ," ಎಂದು ಡಾಕ್ಟರರು ನಕ್ಕಿದ್ದರು. ಮಾತಾಡಲು ಅನುಕೂಲವಾಗಲೆಂದು ಅವರ ನೀಲಿ ಮಾಸ್ಕು ಆಗ ಗದ್ದಕ್ಕೆ ಇಳಿದಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು.

ಧಾರವಾಡದ ಕೇಂದ್ರ ಹಳೆಯ ಕಟ್ಟಡವೊಂದರ ಮಹಡಿಯ ಎರಡು ಕೋಣೆಗಳಲ್ಲಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ನಕಾಶೆ, ಅದರಲ್ಲಿ ಮುನ್ನೂರ ಹನ್ನೆರಡು ಹಸಿರು ಚುಕ್ಕಿಗಳು. ಅಲ್ಲಿ ಇಲ್ಲಿ ಒಂದೊಂದು ಹಳದಿಯಾಗುವುದಿತ್ತು. ಅದು ಪ್ರತಿವರ್ಷದ ಮಾಮೂಲು ಫ್ಲೂ. ಗದಗಿನ ಚುಕ್ಕಿ ಆ ಬೆಳಿಗ್ಗೆ ಕಡುಗೆಂಪಾಯಿತು. ರೆಹಾನಾ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋಗಿ ಓದಿದಳು. ಮೊದಲ ರೋಗಿ: ನಾಲ್ಕು ಸಾವಿರದ ನೂರು. ಎರಡನೆಯವರು: ಆರುನೂರ ಹತ್ತು. ಮೂರು: ಮುನ್ನೂರು. ನಾಲ್ಕು: ನೂರ ನಲವತ್ತು. ಹೊರಮೈ ಫ್ಲೂದೇ, ಆದರೆ ಗೊತ್ತಿರುವ ಯಾವ ತಳಿಗೂ ಪೂರ್ತಿ ಹೊಂದುವುದಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಅವಳು ತಕ್ಷಣ ಗದಗಿಗೆ ಫೋನ್ ಹಚ್ಚಿದಳು.

"ಸರ್, ನಿಮ್ಮ ನಾಲ್ಕೂ ಪೇಷಂಟ್ ಪಾಜಿಟಿವ್ ತೋರ್ಸಾಕತ್ತಾವ್ರಿ," ಎಂದಳು.

"ನಿಮ್ಮ ಡಬ್ಬಿ ಕೆಟ್ಟೈತ್ರಿ ಮೇಡಂ," ಎಂದರು ಡಾಕ್ಟರರು. "ನಾಲ್ಕೂ ಮಂದಿಗಿ ಜ್ವರ ಇಲ್ಲ, ನೆಗಡಿ ಇಲ್ಲ, ಕೆಮ್ಮಿಲ್ಲ. ಇಪ್ಪತ್ತಾರು ವರ್ಷ ಬಾಯಿ ನೋಡೇನಿ ನಾ."

"ಜ್ವರ ಇಲ್ಲದಿದ್ರೂ ವೈರಸ್ ಇರತೈತ್ರಿ ಸರ್. ಆದ್ರ ನಾಲ್ಕೂ ಮಂದಿಗಿ ಒಂದ ಸಲಕ್ಕ ಬರೂದು ನನಗೂ ನಂಬಾಕ ಆಗವಲ್ದು. ಮೊದಲನೇದವರ ಎಂಜಲು ಕೊಳವ್ಯಾಗ ಉಳದಿರಬೇಕು. ಕೊಳವಿ ತೊಳದು, ಡಬ್ಬಿಯೊಳಗಿನ ಹಾಳಿ ಹೊಸಾದು ಹಾಕ್ತೀರೇನ್ರಿ? ಹಳೇ ಹಾಳಿ ಹಂಗ ತಗದಿಡ್ರಿ."

ಡಾಕ್ಟರರು ಗೊಣಗಿದರೂ ಒಪ್ಪಿದರು. ಮಲ್ಲವ್ವ ಕೊಳವೆಯನ್ನೇ ತೆಗೆದು ಹೊಸದನ್ನು ಜೋಡಿಸಿದಳು, ಬ್ಲೀಚಿಂಗ್ ನೀರು ಹರಿಸಿ ತೊಳೆದಳು, ಹೊಸ ಹಾಳೆ ಹಾಕಿದಳು. ಯಂತ್ರ ಚಾಲೂ ಇಟ್ಟು ಕೊಳವೆಯನ್ನು ಅದರ ಕೊಕ್ಕೆಗೆ ತೂಗುಹಾಕಿದಳು. ಕುರ್ಚಿ ಖಾಲಿ. ಕೊಳವೆ ಯಾರ ಬಾಯಲ್ಲೂ ಇರಲಿಲ್ಲ.

ಫೋನಿನ ಆ ತುದಿಯಲ್ಲಿ ರೆಹಾನಾ ಪರದೆಗೆ ಇನ್ನೂ ಹತ್ತಿರ ಸರಿದಳು. ಆಮೇಲೆ ನಿಧಾನವಾಗಿ ಕೇಳಿದಳು: "ಸರ್, ಈಗ ಕುರ್ಚಿ ಮ್ಯಾಲೆ ಯಾರು ಮಲಗ್ಯಾರ್ರಿ?"

"ಯಾರೂ ಇಲ್ಲ."

"ಇಲ್ಲೆ ತೊಂಬತ್ತು ತೋರ್ಸಾಕತ್ತೈತಿ."

ಕೇಂದ್ರದಲ್ಲಿ ರೆಹಾನಾ ಮತ್ತೆ ಮತ್ತೆ ಅಂಕಿಗಳನ್ನು ನೋಡಿದಳು, ಅರ್ಥವಾಗಲಿಲ್ಲ. ಪ್ರಯೋಗಾಲಯದಲ್ಲಿ ಅವಳು ಡಬ್ಬಿಯನ್ನು ಪರೀಕ್ಷಿಸಿದ್ದು ಗಾಜಿನ ನಳಿಗೆಯ ಎಂಜಲಿನಲ್ಲಿ ಮಾತ್ರ. ಆದರೆ ಡಾಕ್ಟರರು ತೂಗಾಡುವ ಆ ಕೊಳವೆಯನ್ನೇ ನೋಡುತ್ತಿದ್ದರು. ಅದು ಸೊರ್ ಎನ್ನುತ್ತಲೇ ಇತ್ತು. ಇಪ್ಪತ್ತಾರು ವರ್ಷ ಕೇಳಿದ ಸದ್ದು ಅದು. ಬಾಯಲ್ಲಿ ಎಂಜಲು ತುಂಬಿದಾಗ ಗೊಳಗೊಳ ಎನ್ನುತ್ತದೆ, ಇಲ್ಲದಾಗ ಸೊರ್ ಎನ್ನುತ್ತದೆ. ಸೊರ್ ಎಂದರೆ ಗಾಳಿ.

"ಮೇಡಂ," ಎಂದರು. ದನಿ ಬದಲಾಗಿತ್ತು. "ಈ ಕೊಳವಿ ಎಂಜಲಕ್ಕಿಂತ ಗಾಳೀನ ಹೆಚ್ಚು ಎಳೀತೈತ್ರಿ. ಅದು ಎಣಿಸಾಕತ್ತಿದ್ದು ಬಾಯಿ ಅಲ್ಲ. ನನ್ನ ಖೋಲಿ."

ರೆಹಾನಾ ಕಾಗದ ಎಳೆದುಕೊಂಡು ಅಂಕಿಗಳನ್ನು ಗೆರೆಯಾಗಿ ಬರೆದಳು. ಆರುನೂರ ಹತ್ತು, ಮುನ್ನೂರು, ನೂರ ನಲವತ್ತು, ತೊಂಬತ್ತು. ಗೆರೆ ಇಳಿಜಾರಾಗಿ ಸಲೀಸಾಗಿ ಇಳಿಯಿತು. ಕಾಯಿಲೆಯಿದ್ದದ್ದು ನಾಲ್ವರಿಗಲ್ಲ. ಒಬ್ಬನಿಗೆ. ಅವನ ಹಲ್ಲು ಕೊರೆಯುವಾಗ ಎದ್ದ ಮಂಜಿನ ಹನಿಗಳು ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣವಾಗಿ, ಮುಚ್ಚಿದ ಕೋಣೆಯಲ್ಲಿ ತೇಲುತ್ತ ಉಳಿದಿದ್ದವು.

"ಕಿಟಕಿ ತಗೀರಿ ಸರ್," ಎಂದಳು ಅವಳು. "ಎಲ್ಲಾ ತಗೀರಿ. ನಾ ನೋಡ್ತಿರ್ತೀನಿ."

ಮಲ್ಲವ್ವ ಕಿಟಕಿ, ಬಾಗಿಲು ಎಲ್ಲ ತೆರೆದು ಫ್ಯಾನ್ ಹಾಕಿದಳು. ಕೆಂಪು ಧೂಳು ಒಳಗೆ ಬಂತು. ರೆಹಾನಾ ಅಂಕಿಗಳನ್ನು ಒಂದೊಂದಾಗಿ ಓದಿದಳು. ಎಪ್ಪತ್ತು. ನಲವತ್ತು. ಹನ್ನೆರಡು. ನಾಲ್ಕು. ಹತ್ತನೆಯ ನಿಮಿಷಕ್ಕೆ ಸೊನ್ನೆ. ಡಾಕ್ಟರರು ಗೋಡೆಗೆ ಒರಗಿ ನಿಂತರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತಮ್ಮ ಕೋಣೆಯ ಗಾಳಿಯನ್ನು ಅವರು ಕಂಡಂತಾಗಿತ್ತು.

"ನಾ ಮಾಸ್ಕ್ ಹಾಕ್ಕೊಂಡಿದ್ದೆನಲ್ರೀ," ಎಂದರು, ಯಾರಿಗೆಂದಿಲ್ಲದೆ.

"ಅದು ಹನಿ ಸಿಡಿಯೂದನ್ನ ತಡೀತೈತ್ರಿ. ಇಂಥಾ ಗಾಳಿ ಬದೀಲಿಂದ ಒಳಗ ಬರತೈತಿ. ಮತ್ತ ನಿಮ್ಮ ಪೇಷಂಟಗೋಳಿಗೆ ಅದೂ ಇರಲಿಲ್ಲ. ಬಾಯಿ ತಕ್ಕೊಂಡ ಮಲಗಿದ್ರು."

ಹಳೆಯ ಹಾಳೆಯನ್ನು ಐಸ್ ಡಬ್ಬಿಯಲ್ಲಿಟ್ಟು ಜಿಲ್ಲಾ ಆರೋಗ್ಯ ಇಲಾಖೆಯ ಜೀಪು ಧಾರವಾಡಕ್ಕೆ ಓಡಿತು. ಎರಡೂವರೆಗೆ ರೆಹಾನಾಳ ತಂಡ ವೈರಸ್ಸಿನ ಜೀನುಗಳನ್ನು ಓದಲು ಕೂತಿತು; ಹೊಸ ಯಂತ್ರಕ್ಕೆ ಮುಕ್ಕಾಲು ತಾಸು ಸಾಕಿತ್ತು. ಮೂರೂಕಾಲಿಗೆ ಅವಳು ಮತ್ತೆ ಫೋನ್ ಮಾಡಿದಾಗ ಮಾತು ಅವಸರದಲ್ಲಿತ್ತು. ವೈರಸ್ಸಿನ ಎಂಟು ತುಂಡುಗಳಲ್ಲಿ ಐದು ಮನುಷ್ಯರ ಫ್ಲೂನವು, ಮೂರು ಬಾತುಗಳವು. ಜಗತ್ತಿನಲ್ಲಿ ಯಾರೂ ಇದನ್ನು ಇದುವರೆಗೆ ಕಂಡಿಲ್ಲ. ಈಗಿರುವ ಲಸಿಕೆ ಇದಕ್ಕೆ ನಾಟುವುದಿಲ್ಲ. ದೇವಪ್ಪ ಹಿಂದಿನ ತಿಂಗಳು ಕೆರೆಯಲ್ಲಿ ಸತ್ತ ಎರಡು ಹೆಬ್ಬಾತುಗಳನ್ನು ಎತ್ತಿ ಹೂತಿದ್ದನೆಂದೂ, ಬಾತುಗಳನ್ನು ಮುಟ್ಟದ ಅವನ ಹೆಂಡತಿಗೆ, ತಮ್ಮನಿಗೆ ವಾರದ ಕೆಳಗೆ ಜ್ವರ ಬಂದಿತ್ತೆಂದೂ ಆರೋಗ್ಯ ಕಾರ್ಯಕರ್ತೆಯರು ತಿಳಿದುಕೊಂಡಿದ್ದರು. ಅಂದರೆ ಅದು ಮನುಷ್ಯರಿಂದ ಮನುಷ್ಯರಿಗೆ ದಾಟಲು ಕಲಿತಾಗಿತ್ತು.

"ಆದ್ರ ಸರ್, ನಾವು ಬಾಳ ಲಗೂನ ಹಿಡದೇವಿ," ಎಂದಳು ರೆಹಾನಾ. ಹೆದರಿಕೆ, ಸಂಭ್ರಮ ಎರಡೂ ಅವಳ ದನಿಯಲ್ಲಿದ್ದವು. "ಇಂಥಾದ್ದನ್ನ ಇಷ್ಟ ಲಗೂ ಯಾರೂ ಹಿಡದಿಲ್ಲ. ವೈರಸ್ಸಿಗಿ ಗುಳಿಗಿ ಅದಾವು, ಎರಡು ದಿನದಾಗ ಶುರು ಮಾಡಿದ್ರ ಕೆಲಸ ಮಾಡ್ತಾವು. ನಿಮ್ಮ ಮೂರೂ ಪೇಷಂಟಿಗಿ ತಗಲಿದ್ರ ಅವರು ನಾಳಿಂದ ಬ್ಯಾರೇದವರಿಗೆ ಕೊಡಾಕ ಶುರು ಮಾಡ್ತಾರ. ನಮಗ ಇವತ್ತೊಂದ ದಿನ ಐತಿ. ನಿಮಗೂ, ನಿಮ್ಮ ನರ್ಸಿಗೂ ಅಷ್ಟ. ಮನಿಗಿ ಹೋಗಬ್ಯಾಡ್ರಿ."

ಮನೆ ಎಂದಾಗ ಡಾಕ್ಟರರು ಗಡಿಯಾರ ನೋಡಿದರು. ದಿನಾ ಒಂದೂವರೆಗೆ ಊಟಕ್ಕೆ ಹೋಗುವವರು ಈ ಗದ್ದಲದಲ್ಲಿ ಹೋಗಿರಲಿಲ್ಲ. ಮಗಳು ಅಕ್ಷತಾ ಹೆರಿಗೆಗೆಂದು ತವರಿಗೆ ಬಂದಿದ್ದಳು; ಎಂಟನೆಯ ತಿಂಗಳು. ಬಸುರಿಯರಿಗೆ ಫ್ಲೂ ಎಷ್ಟು ಕೆಟ್ಟದ್ದೆಂಬುದು ರೆಹಾನಾಳ ಹಾಳೆಯ ಏಳನೆಯ ಪ್ರಶ್ನೆಯಾಗಿತ್ತು. ಅದಕ್ಕೆ ಅವರು ಏನು ಬರೆದಿದ್ದರೋ ಅವರಿಗೇ ನೆನಪಿರಲಿಲ್ಲ.

ಹೆಂಡತಿ ಸುವರ್ಣಾಳಿಗೆ ಫೋನ್ ಮಾಡಿದರು. "ಐದಾರು ದಿನ ಬರೂದಿಲ್ಲ. ದವಾಖಾನಿ ಮ್ಯಾಲಿನ ಖೋಲ್ಯಾಗ ಇರ್ತೀನಿ. ಅಕ್ಷತಾನ್ನ ಹೊರಗ ಕಳಿಸಬ್ಯಾಡ."

"ಏನಾಗೇತ್ರಿ? ನೀವ ಹೇಳ್ತಿದ್ರಿ, ಫ್ಲೂ ಗೀಲೂ ಏನಿಲ್ಲಂತ."

"ನಾ ತಪ್ಪು ಹೇಳಿದ್ದೆ," ಎಂದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಸುವರ್ಣಾ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಕಡಿಮೆ. ಅರ್ಧ ತಾಸಿನಲ್ಲಿ ರೊಟ್ಟಿ, ಪಲ್ಲೆಯ ಬುತ್ತಿ ದವಾಖಾನೆಯ ಗೇಟಿಗೆ ಬಂತು. ಕೊಟ್ಟುಹೋಗಲು ಬಂದ ಸುವರ್ಣಾ ರಸ್ತೆಯ ಆಚೆ ನಿಂತು ಅವರು ಅದನ್ನು ಎತ್ತಿಕೊಳ್ಳುವತನಕ ನೋಡಿ ಹೋದಳು.

ನೇಕಾರ ಹುಸೇನಸಾಬನೂ ಬ್ಯಾಂಕಿನ ಹುಡುಗಿಯೂ ಫೋನಿನಲ್ಲೇ ಒಪ್ಪಿದರು. ಹೆಡ್‌ಮಾಸ್ತರರು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ನಲವತ್ತೆರಡು ಮಕ್ಕಳನ್ನು ಕರೆದುಕೊಂಡು ಅವರು ವಿಜಯಪುರಕ್ಕೆ ಪ್ರವಾಸ ಹೊರಡುವವರಿದ್ದರು. ಆರೋಗ್ಯ ಇಲಾಖೆಯವರ ಫೋನನ್ನು ಅವರು ಎರಡು ಸಲ ಇಟ್ಟುಬಿಟ್ಟರು.

"ನಾ ಹೋಗ್ತೀನಿ," ಎಂದರು ಡಾಕ್ಟರರು. ರೆಹಾನಾ ಹೇಳಿದಂತೆ ಮುಖಕ್ಕೆ ಬಿಗಿಯಾಗಿ ಕೂರುವ ದಪ್ಪ ಮಾಸ್ಕನ್ನು ಇಲಾಖೆಯವರಿಂದ ತರಿಸಿ ಹಾಕಿಕೊಂಡು, ಸ್ಕೂಟರ್ ಹತ್ತಿದರು. ನಾಲ್ಕೂವರೆಯಾಗಿತ್ತು. ಶಾಲೆಯ ಬಯಲಿನಲ್ಲಿ ಮಕ್ಕಳು ನಾಳೆ ಬಸ್ಸಿನಲ್ಲಿ ಯಾರು ಯಾರ ಪಕ್ಕ ಕೂರಬೇಕೆಂದು ಜಗಳಾಡುತ್ತಿದ್ದರು. ಡಾಕ್ಟರರು ಗೇಟಿನ ಹೊರಗೇ ನಿಂತು ಮಾಸ್ತರರನ್ನು ಕರೆದರು.

"ಹತ್ರ ಬರಬ್ಯಾಡ್ರಿ ಮಾಸ್ತರ, ಅಲ್ಲೇ ನಿಂದರ್ರಿ."

ಮಾಸ್ತರರು ನಕ್ಕರು. "ಏನ್ರಿ ಡಾಕ್ಟ್ರ, ಮುಂಜಾನೆ ನೀವ ಹೇಳೀರಿ, ಜ್ವರ ಇಲ್ಲದಾವ ಆಡಲಿ ಅಂತ. ನನಗ ಜ್ವರ ಐತೇನು? ಹುಡುಗರು ಒಂದು ವರ್ಷ ಕಾದಾವು."

"ಹೇಳೀನಿ. ನನಗ ಗೊತ್ತಿರಲಿಲ್ಲ, ಗೊತ್ತಿದ್ದಾವರಂಗ ಹೇಳೀನಿ." ಡಾಕ್ಟರರು ಗೇಟಿನ ಕಂಬಿ ಹಿಡಿದುಕೊಂಡರು. "ನೀವು ಕುಂತ ಕುರ್ಚಿ ಮ್ಯಾಲೆ ನಿಮಕ್ಕಿಂತ ಮೊದಲು ಕುಂತಾವಗ ಹೊಸ ಫ್ಲೂ ಇತ್ತು. ಅಂವಗೂ ಜ್ವರ ಇರಲಿಲ್ಲ. ಅಂವ ಹೋದ ಮ್ಯಾಲೂ ಅದು ಖೋಲ್ಯಾಗ ಇತ್ತು. ನೀವು ಇಪ್ಪತ್ತೈದು ನಿಮಿಷ ಬಾಯಿ ತಕ್ಕೊಂಡ ಅದರಾಗ ಮಲಗಿದ್ರಿ. ಕಿಟಕಿ ಮುಚ್ಚಿಟ್ಕೊಂಡ ಕುಂತಾವ ನಾ. ನಾಳಿಗಿ ನೀವು ಬಸ್ಸಿನ ಕಿಟಕಿ ಮುಚ್ಚಿ ಈ ಹುಡುಗರ ಸಂಗಾಟ ಆರು ತಾಸು ಕುಂದರ್ತೀರಿ. ಅಷ್ಟ ರೀ ನಾ ಹೇಳೂದು."

ಮಾಸ್ತರರ ನಗು ನಿಂತಿತು. ಹಿಂದೆ ತಿರುಗಿ ಮಕ್ಕಳ ಕಡೆ ನೋಡಿದರು. ಒಂದು ಹುಡುಗಿ ಓಡಿಬಂದು, ತಾನು ಚಕ್ಕುಲಿ ತರಲೋ ಚುರುಮರಿ ತರಲೋ ಎಂದು ಕೇಳಿದಳು. ಅವರು ಕೈ ಮುಂದೆ ಚಾಚಿ ಅವಳನ್ನು ದೂರದಲ್ಲೇ ನಿಲ್ಲಿಸಿದರು. ಆ ಕೈ ಕಂಡು ಡಾಕ್ಟರರಿಗೆ ಉಸಿರು ಬಂತು.

"ಆ ಫೋನಿನವರು ಗುಳಿಗಿ ಅಂತಿದ್ರಲ್ರಿ, ಯಾವದು ಅದು?" ಎಂದು ಕೇಳಿದರು ಮಾಸ್ತರರು.

ಮರುದಿನ ಸಂಜೆ ಮಾಸ್ತರರ ಮೂಗಿನ ಪರೀಕ್ಷೆ ಪಾಜಿಟಿವ್ ಬಂತು. ಮೈಯಲ್ಲಿ ಜ್ವರದ ಸುಳಿವೂ ಇರಲಿಲ್ಲ. ಆ ಹೊತ್ತಿಗೆ ಅವರು ನಲವತ್ತೆರಡು ಮಕ್ಕಳೊಡನೆ ಗೋಳಗುಮ್ಮಟದ ಒಳಗೆ ಪ್ರತಿಧ್ವನಿ ಕೇಳುತ್ತಿರಬೇಕಾಗಿತ್ತು. ಅದರ ಬದಲು ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಶುಕ್ರವಾರ ಡಾಕ್ಟರರಿಗೆ ಮೈ ಬೆಚ್ಚಗಾಯಿತು. ಗುಳಿಗೆ ಮೊದಲೇ ಹೊಟ್ಟೆ ಸೇರಿದ್ದರಿಂದ ಎರಡು ದಿನ ನರಳಿ ಎದ್ದರು. ನೇಕಾರನಿಗೂ ಬ್ಯಾಂಕಿನ ಹುಡುಗಿಗೂ ತಗಲಿರಲಿಲ್ಲ. ಡಾಕ್ಟರರ ಪಕ್ಕದಲ್ಲೇ ನಿಂತಿದ್ದ ಮಲ್ಲವ್ವನಿಗೂ ಏನೂ ಆಗಲಿಲ್ಲ. ಯಾಕೆಂದು ರೆಹಾನಾಳಿಗೂ ಹೇಳಲಾಗಲಿಲ್ಲ.

ಕೇಂದ್ರದಲ್ಲಿ ಆ ದಿನಗಳಲ್ಲಿ ಯಾರೂ ಸರಿಯಾಗಿ ಕೂತು ಉಣ್ಣಲಿಲ್ಲ. ಮುನ್ನೂರ ಹನ್ನೆರಡು ಡಬ್ಬಿಗಳ ಅಂಕಿಗಳನ್ನೂ ಹೊಸ ಕಣ್ಣಿನಿಂದ ನೋಡಬೇಕಾಗಿತ್ತು. ಎರಡನೆಯ ಕೊಳವೆಯೊಂದನ್ನು ಗಾಳಿಗೆ ತೂಗುಬಿಟ್ಟರೆ ಕೋಣೆಯನ್ನೇ ಅಳೆಯಬಹುದೆಂದು ರೆಹಾನಾ ಎಲ್ಲ ದವಾಖಾನೆಗಳಿಗೂ ತಿಳಿಸಿದಳು. ಕೊಪ್ಪಳದಲ್ಲಿ ಒಂದು ಚುಕ್ಕಿ ಕೆಂಪಾಯಿತು. ಅದು ದೇವಪ್ಪನ ತಮ್ಮನ ಬೀಗರ ಮನೆಯ ಹೆಂಗಸು. ಅವಳಿಗೂ ಅವಳ ಓಣಿಗೂ ಅದೇ ದಿನ ಗುಳಿಗೆ ಮುಟ್ಟಿತು. ಕೆರೆಯ ಹಳ್ಳಿಯಲ್ಲಿ ಒಟ್ಟು ಹತ್ತೊಂಬತ್ತು ಮಂದಿಯಲ್ಲಿ ಸೋಂಕು ಸಿಕ್ಕಿತು. ಅವರನ್ನೆಲ್ಲ ಕೆರೆಯ ದಂಡೆಯ ಬಯಲಿನಲ್ಲಿ ಡೇರೆ ಹಾಕಿ ಇರಿಸಿದರು. ಹತ್ತನೆಯ ದಿನಕ್ಕೆ ಹೊಸದಾಗಿ ಯಾರಿಗೂ ಬಂದಿರಲಿಲ್ಲ. ಪರದೆಯ ಮೇಲೆ ಎಲ್ಲ ಚುಕ್ಕಿಗಳೂ ಹಸಿರಾದಾಗ ರೆಹಾನಾ ನೆಲದ ಮೇಲೇ ಕೂತು ನಕ್ಕಳು, ನಗುನಗುತ್ತ ಕಣ್ಣೊರೆಸಿಕೊಂಡಳು.

ಅದೇ ಹತ್ತನೆಯ ದಿನ ಆರೋಗ್ಯ ಇಲಾಖೆಯ ವೈದ್ಯರು ಡಾ. ಬೂದಿಹಾಳರಿಗೆ ಫೋನ್ ಮಾಡಿದರು. ಡೇರೆಯಲ್ಲಿದ್ದ ದೇವಪ್ಪನ ಕೆನ್ನೆ ಬಾತು ಕಣ್ಣು ಮುಚ್ಚಿಹೋಗಿತ್ತು. ಅರ್ಧ ಕೊರೆದು ಬಿಟ್ಟ ಹಲ್ಲಿನೊಳಗೆ ಕೀವು ತುಂಬಿತ್ತು. ಗದಗಿನ ನಾಲ್ವರು ದಂತವೈದ್ಯರನ್ನು ಕೇಳಿದ್ದಾಯಿತಂತೆ. ಆರು ತಿಂಗಳ ತನಕ ಆ ಹಳ್ಳಿಯವರ ಬಾಯಿ ಮುಟ್ಟುವುದಿಲ್ಲ ಎಂದರಂತೆ ಒಬ್ಬರು. ಅವನ ಹೆಸರು ಕೇಳಿಯೇ ಫೋನ್ ಇಟ್ಟರಂತೆ ಇನ್ನೊಬ್ಬರು.

"ಹದಿನೈದು ದಿನದ ಕೆಳಗ ಏನೂ ಅಂಜಿಕಿ ಇರಲಿಲ್ಲ, ಈಗ ಬರೇ ಅಂಜಿಕಿ," ಎಂದರು ಡಾಕ್ಟರರು. "ಎರಡೂ ತಪ್ಪ ರೀ. ಜೀಪ್ ಕಳಿಸ್ರಿ."

ದಂತವೈದ್ಯ ಕಾಲೇಜಿನವರು ಹಳ್ಳಿಯ ಶಿಬಿರಗಳಿಗೆ ಒಯ್ಯುವ ಬ್ಯಾಟರಿ ಡ್ರಿಲ್ ಒಂದನ್ನು ತಂದರು. ಮಲ್ಲವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ರೆಹಾನಾ ಧಾರವಾಡದಿಂದ ಬಂದು ಎರಡು ಡಬ್ಬಿಗಳನ್ನು ಕೈಯಾರೆ ಜೋಡಿಸಿ, ಮೂವರ ಮಾಸ್ಕುಗಳನ್ನೂ ಎಳೆದು ನೋಡಿ ಬಿಗಿ ಮಾಡಿದಳು. ಬಯಲಿನ ನಡುವೆ ಒಂದು ಮಂಚ ಹಾಕಿ, ಗಾಳಿ ಬೀಸುವ ದಿಕ್ಕು ನೋಡಿ, ಡಾಕ್ಟರರು ಬೆನ್ನಿಗೆ ಗಾಳಿ ಬರುವ ಹಾಗೆ ನಿಂತರು. ಕೆರೆಯಲ್ಲಿ ಹೆಬ್ಬಾತುಗಳು ಗದ್ದಲ ಹಾಕುತ್ತಿದ್ದವು.

ದೇವಪ್ಪ ಬಾಯಿ ತೆರೆಯುವ ಮೊದಲು ಕೇಳಿದ: "ಸಾಹೇಬ್ರ, ನನ್ನಿಂದ ನಿಮಗ ಜ್ವರ ಬಂತಂತಲ್ರಿ."

"ಬಂತು. ಹೋತು. ನಿನ್ನ ತಪ್ಪಲ್ಲ ಅದು. ಬಾಯಿ ತಗಿ."

ಕೀವು ಹೊರಗೆ ಬಂದಾಗ ದೇವಪ್ಪನ ಹೆಗಲು ಸಡಿಲಾಯಿತು, ಹತ್ತು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟವನ ಹಾಗೆ. ಡಾಕ್ಟರರು ಹಲ್ಲನ್ನು ತೊಳೆದು, ತುಂಬಿ, ಮುಗಿಸಿ ಬೆನ್ನು ನೆಟ್ಟಗೆ ಮಾಡಿದರು. ಸಲಕರಣೆ ಕಟ್ಟಲು ತಿರುಗಿದರೆ ಡೇರೆಗಳ ಮುಂದೆ ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

"ಡಾಕ್ಟ್ರಪ್ಪಾ, ನಂದೊಂದು ಹಲ್ಲು ಅಳ್ಳಾಡಾಕತ್ತು ಮೂರು ವರ್ಷ ಆತು. ಗದಗಿಗಿ ಕರ್ಕೊಂಡ ಹೋಗಾವರು ಯಾರೂ ಇಲ್ಲ. ಬಂದೀರಿ, ನೋಡಿ ಹೋಗ್ರಿ."

ಅವಳ ಹಿಂದೆ ಇನ್ನೊಬ್ಬ ಕೆನ್ನೆ ಹಿಡಿದು ನಿಂತಿದ್ದ. ಅವನ ಹಿಂದೆ ಮೂವರು. ಆರೋಗ್ಯ ಇಲಾಖೆಯ ವೈದ್ಯರು ಗಡಿಯಾರ ನೋಡಿಕೊಂಡರು. ಡಾಕ್ಟರರು ರೆಹಾನಾಳ ಕಡೆ ನೋಡಿದರು. ಅವಳು ಆಗಲೇ ಡಬ್ಬಿಗೆ ಹೊಸ ಹಾಳೆ ಹಾಕುತ್ತಿದ್ದಳು.

"ಮಲ್ಲವ್ವ, ಮಂಚ ಒರಸು," ಎಂದರು ಡಾಕ್ಟರರು. ಆಮೇಲೆ ಜನರ ಕಡೆ ತಿರುಗಿ, ಸ್ಟೇಷನ್ ರಸ್ತೆಯವರಿಗೆಲ್ಲ ಪರಿಚಿತವಾದ ಆ ಜೋರು ದನಿಯಲ್ಲಿ ಕೂಗಿದರು: "ದೂರ ದೂರ ನಿಂದರ್ರಿ. ಒಬ್ಬೊಬ್ಬರ ಬರ್ರಿ. ಎಲ್ಲಾರ್ನೂ ನೋಡೇ ಹೋಗ್ತೀನಿ."